ವೈರು ಅವರದು, ವಸಡು ನನ್ನದು

ನಾನು ವಸಡಿನ ಡಾಕ್ಟರು, ಅಂದರೆ ಪೆರಿಯೊಡಾಂಟಿಸ್ಟ್. ಹಲ್ಲನ್ನು ಸಾಲಾಗಿ ನಿಲ್ಲಿಸುವವರು ಆರ್ಥೊಡಾಂಟಿಸ್ಟ್, ನಾನಲ್ಲ. ಆದರೂ ನಲವತ್ತು ದಾಟಿದವರು ಕ್ಲಿಪ್ ಹಾಕಿಸಿಕೊಳ್ಳಲು ಹೊರಟರೆ ಮೊದಲು ಕೂರಬೇಕಾದ್ದು ನನ್ನ ಕುರ್ಚಿಯಲ್ಲಿ ಅಂತ ಹೇಳುತ್ತಲೇ ಇರುತ್ತೇನೆ. ನನ್ನ ಜೊತೆ ಕೆಲಸ ಮಾಡುವ ಆರ್ಥೊಡಾಂಟಿಸ್ಟ್ ಮೊದಮೊದಲು ಇದಕ್ಕೆ ನಗುತ್ತಿದ್ದರು. ಈಗ ಅವರೇ ಕಳಿಸುತ್ತಾರೆ: "ಮೊದಲು ಮೇಡಂ ಹತ್ತಿರ ತೋರಿಸ್ಕೊಂಡು ಬನ್ನಿ, ವೈರ್ ಮಾತು ಆಮೇಲೆ."

ಹೀಗೆ ಬರುವ ದೊಡ್ಡವರಲ್ಲಿ ಎರಡು ಥರ. ಚಿಕ್ಕಂದಿನಿಂದಲೂ ಹಲ್ಲು ಒತ್ತೊತ್ತಾಗಿದ್ದು, ಈಗ ಪುರುಸೊತ್ತು, ದುಡ್ಡು, ಧೈರ್ಯ ಮೂರೂ ಕೂಡಿಬಂದವರು ಒಂದು ಥರ. ಇನ್ನೊಂದು ಥರದವರು ಕೂತ ತಕ್ಷಣ ಹೇಳುವುದೇ ಒಂದು ಮಾತು: "ಡಾಕ್ಟ್ರೇ, ಮೊದಲು ಹೀಗಿರಲಿಲ್ಲ."

ಆ ಮಾತಿಗೆ ನನ್ನ ಕಿವಿ ನೆಟ್ಟಗಾಗುತ್ತದೆ. ಫೋನಿನಲ್ಲಿ ಹಳೇ ಫೋಟೋ ಇದ್ದರೆ ತೋರಿಸಿ ಅನ್ನುತ್ತೇನೆ. ಹಲ್ಲು ಕಾಣುವ ಹಾಗೆ ನಕ್ಕ ಫೋಟೋ ಎಲ್ಲರ ಹತ್ತಿರವೂ ಒಂದಾದರೂ ಇರುತ್ತದೆ. ಅದರಲ್ಲಿ ಮೇಲಿನ ಮುಂದಿನ ಹಲ್ಲು ನೆಟ್ಟಗಿವೆ, ನಡುವೆ ಸಂದಿ ಇಲ್ಲ. ಈಗ ಅವೇ ಹಲ್ಲು ಮುಂದಕ್ಕೆ ಬಾಗಿವೆ, ಸಂದಿ ಬಿಟ್ಟಿವೆ, ಒಂದು ಹಲ್ಲು ಪಕ್ಕದ್ದಕ್ಕಿಂತ ಉದ್ದ ಕಾಣುತ್ತಿದೆ. ನೆಟ್ಟಗಿದ್ದ ಹಲ್ಲು ಈ ವಯಸ್ಸಿನಲ್ಲಿ ಸುಮ್ನೆ ಎದ್ದು ಹೊರಡುವುದಿಲ್ಲ. ಬುಡದ ಮೂಳೆ ಕರಗಿರುತ್ತದೆ. ನಾಲಿಗೆ, ತುಟಿ, ಎದುರು ಹಲ್ಲು ದಿನವೂ ಕೊಡುವ ಒತ್ತಡವನ್ನು ಕೂಡ ತಡೆಯಲಾಗದೆ ಅದು ಸರಿದಿರುತ್ತದೆ. ಅವರು ಬಂದಿರುವುದು ಸಂದಿ ಮುಚ್ಚಿಸಿಕೊಳ್ಳಲು. ನನಗೆ ಕಾಣುವುದು ಸಂದಿ ಬಿಡಿಸಿದ ಕಾಯಿಲೆ. 2018ರಲ್ಲಿ ಪ್ರಕಟವಾದ ವಸಡು ರೋಗಗಳ ವರ್ಗೀಕರಣದಲ್ಲಿ ಹೀಗೆ ಹಲ್ಲು ಸರಿದು ಹರಡಿಕೊಳ್ಳುವುದನ್ನು ನಾಲ್ಕನೇ ಹಂತದ ಗುರುತುಗಳಲ್ಲಿ ಸೇರಿಸಿದ್ದಾರೆ. ನಾಲ್ಕನೆಯದು ಕೊನೇ ಹಂತ.

ಹಾಗಾಗಿ ಮೊದಲ ಕೆಲಸ ಅಳತೆ. ಪ್ರೋಬ್ ಅಂದರೆ ಮಿಲಿಮೀಟರ್ ಗುರುತು ಇರುವ ತೆಳ್ಳನೆಯ ಕಡ್ಡಿ, ತುದಿ ಮೊಂಡು. ಅದನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲಗೆ ಇಳಿಸಬೇಕು. ಒಂದೊಂದು ಹಲ್ಲಿಗೂ ಆರು ಕಡೆ ಅಳತೆ. ಹೊರಗೆ ಮೂರು, ಒಳಗೆ ಮೂರು. ನಾನು ಅಂಕಿ ಹೇಳುತ್ತಾ ಹೋಗುತ್ತೇನೆ, ಸಹಾಯಕಿ ಬರೆದುಕೊಳ್ಳುತ್ತಾಳೆ. "ಮೂರು, ಎರಡು, ಮೂರು. ಮೂರು, ಎರಡು, ನಾಲ್ಕು." ಸ್ವಲ್ಪ ಹೊತ್ತಿಗೆ ಕುರ್ಚಿಯಲ್ಲಿರುವವರಿಗೂ ಲೆಕ್ಕ ಹತ್ತುತ್ತದೆ. "ಏಳು, ರಕ್ತ" ಅಂದಾಗ ಅವರ ಬೆರಳು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿಯುತ್ತವೆ. ಮೂರರವರೆಗೆ, ರಕ್ತ ಬಾರದಿದ್ದರೆ, ಚಿಂತೆಯಿಲ್ಲ. ನಾಲ್ಕು ಅಂದರೆ ಗಮನ ಇಡಬೇಕು. ಐದು, ಆರು, ಏಳು ಅಂದರೆ ಅಲ್ಲಿ ಆಳದ ಪಾಕೆಟ್ ಇದೆ, ಅಂದರೆ ವಸಡು ಹಲ್ಲಿನಿಂದ ಬಿಟ್ಟುಕೊಂಡು ಆದ ಸಂದು; ನಿಮ್ಮ ಬ್ರಷ್ ಅಲ್ಲಿಗೆ ತಲುಪುವುದಿಲ್ಲ. ಒಂದು ಎಚ್ಚರ: ಸಿಗರೇಟು ಸೇದುವವರ ವಸಡಿನಲ್ಲಿ ರಕ್ತ ಕಮ್ಮಿ ಬರುತ್ತದೆ. "ನನಗೆ ರಕ್ತವೇ ಬರಲ್ಲ, ವಸಡು ಚೆನ್ನಾಗಿದೆ" ಅಂತ ಅವರು ಹೇಳಿದರೆ ನಾನು ನಂಬುವುದು ಅಂಕಿಯನ್ನೇ.

ಪ್ರೋಬ್ ಒಳಗಿರುವಾಗಲೇ ಇನ್ನೊಂದು ನೋಡುತ್ತೇನೆ. ಕೆಳಗಿನ ಮುಂದಿನ ಹಲ್ಲಿನ ವಸಡಿನ ಮೂಲಕ ಕಡ್ಡಿಯ ಬಣ್ಣ ಹೊರಗೆ ಕಾಣುತ್ತಿದೆಯಾ? ಕಂಡರೆ ಆ ವಸಡು ತೆಳು, ಒಂದು ಮಿಲಿಮೀಟರಿಗಿಂತ ದಪ್ಪ ಇರಲಾರದು. ಅದರ ಹಿಂದಿನ ಮೂಳೆಯೂ ಬಹಳ ಸಲ ತೆಳುವೇ. ಅಂಥ ಹಲ್ಲನ್ನು ತುಟಿಯ ಕಡೆಗೆ ತಳ್ಳಿದರೆ ವಸಡು ಜಾರಿ ಬೇರು ಕಾಣಿಸಿಕೊಳ್ಳುವ ಅಪಾಯ ಜಾಸ್ತಿ. ಇದನ್ನು ಆರ್ಥೊಡಾಂಟಿಸ್ಟ್‌ಗೆ ಪ್ಲಾನ್ ಹಾಕುವ ಮೊದಲು ಹೇಳಬೇಕು. ವೈರ್ ಹಾಕಿದ ಮೇಲೆ ಹೇಳಿ ಏನು ಉಪಯೋಗ?

ಇಷ್ಟು ಅಳತೆ ಮಾಡದೆಯೇ ಅಲೈನರ್ (ವೈರ್ ಬದಲು ಹಲ್ಲಿಗೆ ತೊಡಿಸಿ ತೆಗೆಯುವ ಪಾರದರ್ಶಕ ಅಚ್ಚು) ಶುರು ಮಾಡಿಸಿಕೊಂಡು ಬಂದವರನ್ನೂ ನೋಡಿದ್ದೇನೆ. ಒಬ್ಬರಿಗೆ ಹಲ್ಲಿನ ಸ್ಕ್ಯಾನ್ ಆಗಿತ್ತು, ಕೊನೆಗೆ ನಗು ಹೇಗಿರುತ್ತದೆ ಅನ್ನುವ ವಿಡಿಯೊ ಕೂಡ ಫೋನಿಗೆ ಬಂದಿತ್ತು. ಪ್ರೋಬ್ ಮಾತ್ರ ಒಂದು ಸಲವೂ ಬಾಯೊಳಗೆ ಹೋಗಿರಲಿಲ್ಲ. ಸ್ಕ್ಯಾನ್‌ಗೆ ಕಾಣುವುದು ಹಲ್ಲಿನ ತಲೆ ಮತ್ತು ವಸಡಿನ ಮೇಲ್ಮೈ. ಬೇರಿಗೆ ಎಷ್ಟು ಮೂಳೆ ಉಳಿದಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಎಕ್ಸ್‌ರೇ ಬೇಕು, ಕಡ್ಡಿ ಬೇಕು.

ಇಷ್ಟು ಹಠ ಯಾಕೆ ಅಂತ ನಿಮಗೆ ಅನ್ನಿಸಬಹುದು. ಹಲ್ಲು ಹೇಗೆ ಸರಿಯುತ್ತದೆ ಅಂತ ಗೊತ್ತಾದರೆ ಹಠ ಅನ್ನಿಸುವುದಿಲ್ಲ. ಹಲ್ಲಿನ ಬೇರು ಮತ್ತು ಮೂಳೆಯ ನಡುವೆ ತೆಳುವಾದ ಒಂದು ನಾರಿನ ಪದರ ಇದೆ, ದಪ್ಪ ಸುಮಾರು 0.2 ಮಿಲಿಮೀಟರ್. ವೈರ್ ಹಲ್ಲನ್ನು ಒತ್ತಿದಾಗ ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಎಳೆತ ಬಿದ್ದ ಕಡೆ ಹೊಸ ಮೂಳೆ ಬೆಳೆಯುತ್ತದೆ. ಹೀಗೆ ಕರಗುತ್ತಾ, ಕಟ್ಟುತ್ತಾ ಹಲ್ಲು ಮುಂದೆ ಹೋಗುತ್ತದೆ. ಅಂದರೆ ಕ್ಲಿಪ್‌ನ ಕೆಲಸವೇ ಲೆಕ್ಕಾಚಾರದಿಂದ ಮೂಳೆ ಕರಗಿಸುವುದು. ಅದೇ ಜಾಗದಲ್ಲಿ ಪಾಕೆಟ್ಟಿನ ಸೋಂಕೂ ಮೂಳೆ ತಿನ್ನುತ್ತಿದ್ದರೆ? ಕರಗಿಸುವವರು ಇಬ್ಬರು, ಕಟ್ಟುವವನು ಒಬ್ಬನೇ. ಎರಡು ಮೂರು ವರ್ಷದಲ್ಲಿ ಆಗಬಹುದಾಗಿದ್ದ ನಷ್ಟ ಕೆಲವೇ ತಿಂಗಳಲ್ಲಿ ಆಗಬಹುದು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು, ಇಲ್ಲದಿದ್ದರೆ ಓದಿದವರು ಹೆದರಿ ಮನೆಯಲ್ಲೇ ಕೂರುತ್ತಾರೆ. ಮೂಳೆ ಕಮ್ಮಿ ಇದ್ದರೂ ಪರವಾಗಿಲ್ಲ. ಉರಿಯೂತ ಇರಬಾರದು, ಅಷ್ಟೇ. ಅರ್ಧ ಮೂಳೆ ಹೋದ ಹಲ್ಲನ್ನೂ, ವಸಡು ಶಾಂತವಾಗಿದ್ದರೆ, ಮತ್ತೆ ನಷ್ಟವಿಲ್ಲದೆ ಸರಿಸಬಹುದು. ಎಷ್ಟೋ ಸಲ ಸರಿಸುವುದೇ ಒಳ್ಳೆಯದು. ಮುಂದಕ್ಕೆ ಬಾಗಿದ ಹಲ್ಲಿಗೆ ಕಚ್ಚುವಾಗೆಲ್ಲ ಪೆಟ್ಟು ಬೀಳುತ್ತಿರುತ್ತದೆ, ಅದು ತಪ್ಪುತ್ತದೆ.

ಆದರೆ ಬಲದ ಲೆಕ್ಕ ಬದಲಾಗುತ್ತದೆ. ಗೂಟದ ಸುತ್ತ ಅರ್ಧ ಮಣ್ಣು ಕೊಚ್ಚಿಹೋಗಿದ್ದರೆ ಸ್ವಲ್ಪ ತಳ್ಳಿದರೂ ವಾಲುತ್ತದೆ ಅಲ್ವಾ, ಹಾಗೆ. ಮೂಳೆ ಕೆಳಗಿಳಿದಷ್ಟೂ ಹಲ್ಲು ಯಾವ ಬಿಂದುವಿನ ಸುತ್ತ ಹೊರಳುತ್ತದೋ ಅದೂ ಬೇರಿನ ತುದಿಯತ್ತ ಇಳಿಯುತ್ತದೆ. ಹದಿಹರೆಯದವರಿಗೆ ಹಾಕುವ ಬಲವನ್ನೇ ಇವರಿಗೂ ಹಾಕಿದರೆ ಹಲ್ಲು ಸರಿಯುವ ಬದಲು ವಾಲುತ್ತದೆ. ಬಲ ಇಳಿಸಬೇಕು, ವಾಲದಂತೆ ವೈರಿಗೆ ತಿರುವು ಕೊಡಬೇಕು. ಅದನ್ನು ಮಾಡುವವರು ಆರ್ಥೊಡಾಂಟಿಸ್ಟ್. ಆದರೆ ಯಾವ ಹಲ್ಲಿಗೆ ಎಷ್ಟು ಮೂಳೆ ಉಳಿದಿದೆ ಅಂತ ಅವರಿಗೆ ಹೇಳಬೇಕಾದವಳು ನಾನು.

ಸರಿ, ಮೊದಲು ಕ್ಲೀನಿಂಗ್. ಮೇಲ್ಮೇಲಿನದಲ್ಲ, ವಸಡನ್ನು ಮರಗಟ್ಟಿಸಿ, ಪಾಕೆಟ್ಟಿನೊಳಗೆ ಬೇರಿಗೆ ಅಂಟಿದ ಗಾರೆಯನ್ನು, ಅಂದರೆ ಗಟ್ಟಿಯಾದ ಕೊಳೆಯನ್ನು, ತೆಗೆಯುವುದು. ಆಮೇಲೆ ಕಾಯಬೇಕು. ಸಾಮಾನ್ಯವಾಗಿ ಮೂರು ತಿಂಗಳು. ಕಂಪ್ಲೇಂಟ್ ಜಾಸ್ತಿ ಬರುವುದು ಇಲ್ಲೇ. ರೋಗಿಗೂ ಅವಸರ, ಆರ್ಥೊಡಾಂಟಿಸ್ಟ್‌ಗೂ ಅವಸರ. "ಮೇಡಂ, ವಸಡು ನೋಡೋಕೆ ಚೆನ್ನಾಗೇ ಇದೆಯಲ್ಲ, ಬ್ರಾಕೆಟ್ ಅಂಟಿಸಿಬಿಡಲಾ?" ಅಂತ ನಮ್ಮ ಆರ್ಥೊಡಾಂಟಿಸ್ಟ್ ಎಷ್ಟು ಸಲ ಕೇಳಿದ್ದಾರೋ! (ಬ್ರಾಕೆಟ್ ಅಂದರೆ ವೈರ್ ಹಿಡಿಯಲು ಹಲ್ಲಿಗೆ ಅಂಟಿಸುವ ಚಿಕ್ಕ ತುಂಡು.) ಕೆಂಪು ಇಳಿದು ಗುಲಾಬಿ ಬಣ್ಣ ಬರುವುದಕ್ಕೆ ಎರಡು ವಾರ ಸಾಕು. ಆಳದಲ್ಲಿ ಪಾಕೆಟ್ ಕೂಡಿಕೊಳ್ಳುವುದಕ್ಕೆ ಸಾಲದು. ಯುರೋಪಿಯನ್ ಫೆಡರೇಷನ್ ಆಫ್ ಪೆರಿಯೊಡಾಂಟಾಲಜಿ 2022ರಲ್ಲಿ ನಾಲ್ಕನೇ ಹಂತದ ರೋಗಿಗಳಿಗೆ ಅಂತಲೇ ಮಾರ್ಗಸೂಚಿ ತಂದಿತು. ನಾನು ಹಿಡಿಯುವ ಗೆರೆಯೂ ಅದೇ: 6 ಮಿಲಿಮೀಟರ್ ಮುಟ್ಟಿದ ಪಾಕೆಟ್ ಉಳಿದಿರಬಾರದು, 5 ಇದ್ದರೂ ಅಲ್ಲಿ ರಕ್ತ ಬರಬಾರದು. ಮರು ಅಳತೆ ಈ ಗೆರೆಯೊಳಗೇ ಇದ್ದರೆ ಹಸಿರು ನಿಶಾನೆ. ಇಲ್ಲದಿದ್ದರೆ ಉಳಿದ ಪಾಕೆಟ್‌ಗಳಿಗೆ ಮತ್ತೆ ಕ್ಲೀನಿಂಗ್, ಬೇಕಾದರೆ ಆಪರೇಷನ್.

ಆಪರೇಷನ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಸಡಿಲವಾಗಿದ್ದೇನೆ. ಮೂಳೆಯಲ್ಲಿ ಗುಂಡಿ ಬಿದ್ದ ಕಡೆ ಮತ್ತೆ ಮೂಳೆ ಬೆಳೆಸುವ ಆಪರೇಷನ್ ಮಾಡಿದ ಮೇಲೆ ಆರು ತಿಂಗಳು ವೈರ್ ಮುಟ್ಟಬಾರದು ಅನ್ನುವುದು ಹಳೇ ಅಭ್ಯಾಸ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ಗುಂಪಿಗೆ ನಾಲ್ಕು ವಾರಕ್ಕೇ ಹಲ್ಲು ಸರಿಸಲು ಶುರು ಮಾಡಿದರು, ಇನ್ನೊಂದಕ್ಕೆ ಆರು ತಿಂಗಳ ಮೇಲೆ. ವರ್ಷದ ಕೊನೆಗೆ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ. ಇದನ್ನು ತಂದು ನನ್ನ ಮೇಜಿನ ಮೇಲೆ ಇಟ್ಟವರು ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ಈ ವಾದದಲ್ಲಿ ಅವರು ಗೆದ್ದರು.

ಹಸಿರು ನಿಶಾನೆ ಅಂದರೆ "ಓಕೆ, ಶುರು ಮಾಡಿ" ಅಂತ ಒಂದು ಮೆಸೇಜ್ ಅಲ್ಲ. ನಾನು ಕಳಿಸುವುದು ಚಾರ್ಟ್, ಎಕ್ಸ್‌ರೇ, ಜೊತೆಗೆ ಅರ್ಧ ಪುಟದ ಟಿಪ್ಪಣಿ. ಮೇಲೆ ಬಲಗಡೆ ಎರಡನೇ ಹಲ್ಲಿಗೆ ಅರ್ಧವೇ ಮೂಳೆ ಇದೆ, ಬಲ ಕಮ್ಮಿ ಇರಲಿ. ಕೆಳಗೆ ಮುಂದೆ ವಸಡು ತೆಳು, ಹೊರಕ್ಕೆ ತಳ್ಳಬೇಡಿ. ದವಡೆ ಹಲ್ಲಿಗೆ ಸುತ್ತುವ ಬ್ಯಾಂಡ್ ಬೇಡ, ಅಂಟಿಸುವ ಟ್ಯೂಬ್ ಹಾಕಿ. ಬ್ಯಾಂಡಿನ ಅಂಚು ವಸಡಿನೊಳಗೆ ಕೂತು ಕೊಳೆ ಹಿಡಿಯುತ್ತದೆ. ವೈರ್ ಕಟ್ಟಲು ಬಣ್ಣದ ರಬ್ಬರ್ ಬೇಡ, ತೆಳು ಸ್ಟೀಲ್ ತಂತಿ ಸಾಕು. ಬ್ರಾಕೆಟ್ ಅಂಚಿನಿಂದ ಹೊರಗೆ ಬಂದ ಅಂಟನ್ನು ಪೂರ್ತಿ ತೆಗೆಯಿರಿ. ಕೊನೇ ಸಾಲನ್ನು ಪ್ರತಿ ಸಲವೂ ಬರೆಯುತ್ತೇನೆ. ಅವರಿಗೆ ಅದು ಬೇಜಾರು ಅಂತ ಗೊತ್ತು.

ಅವರ ಕಡೆಯಿಂದಲೂ ನನಗೆ ಕೆಲವು ಉತ್ತರ ಬೇಕು. ಯಾವ ಹಲ್ಲು ಯಾವ ದಿಕ್ಕಿಗೆ ಹೋಗುತ್ತದೆ, ಎಷ್ಟು ದೂರ, ಒಟ್ಟು ಎಷ್ಟು ತಿಂಗಳು? ದಿಕ್ಕು ಗೊತ್ತಾದರೆ ಗ್ರಾಫ್ಟ್ ಬೇಕೋ ಬೇಡವೋ ಹೇಳಬಹುದು. ಗ್ರಾಫ್ಟ್ ಅಂದರೆ ಅಂಗುಳಿನಿಂದ ಸ್ವಲ್ಪ ಅಂಗಾಂಶ ತೆಗೆದು ತೆಳು ವಸಡಿಗೆ ದಪ್ಪ ಕೊಡುವುದು. ತೆಳು ವಸಡಿನ ಹಲ್ಲು ಹೊರಕ್ಕೆ ಹೋಗಲೇಬೇಕು ಅಂತಿದ್ದರೆ ವೈರಿಗೆ ಮೊದಲೇ ಗ್ರಾಫ್ಟ್ ಮಾಡುವುದು ನನಗೆ ಇಷ್ಟ. ಹೊರಗೆ ಜಾರಿದ ಹಲ್ಲು ಮೂಳೆಯ ಒಳಕ್ಕೆ ಬರುವುದಿದ್ದರೆ ಕಾಯುತ್ತೇನೆ. ಒಳಗೆ ಬಂದ ಮೇಲೆ ವಸಡು ತಾನಾಗಿಯೇ ಸ್ವಲ್ಪ ದಪ್ಪ ಆಗುತ್ತದೆ, ಕೆಲವರಿಗೆ ಗ್ರಾಫ್ಟೇ ಬೇಕಾಗುವುದಿಲ್ಲ.

ವೈರ್ ಹಾಕಿದ ಮೇಲೆ ಮೂರು ತಿಂಗಳಿಗೊಮ್ಮೆ ನನ್ನ ಹತ್ತಿರ ಬರಬೇಕು, ಕೆಲವರು ಇನ್ನೂ ಬೇಗ. ಇಲ್ಲಿ ನಾವಿಬ್ಬರೂ ಒಂದು ಸಣ್ಣ ವ್ಯವಸ್ಥೆ ಮಾಡಿಕೊಂಡಿದ್ದೇವೆ, ನನಗೆ ಅದರ ಬಗ್ಗೆ ಸ್ವಲ್ಪ ಜಂಬವೇ ಇದೆ. ವೈರ್ ಬದಲಿಸುವ ದಿನವೇ ಕ್ಲೀನಿಂಗ್. ಅವರು ಹಳೇ ವೈರ್ ಬಿಚ್ಚಿ ಕಳಿಸುತ್ತಾರೆ. ಬರೀ ಬ್ರಾಕೆಟ್ ಇರುವ ಬಾಯಿಯಲ್ಲಿ ನಾನು ಆರಾಮಾಗಿ ಅಳೆದು, ಕ್ಲೀನ್ ಮಾಡಿ, ವಾಪಸ್ ಕಳಿಸುತ್ತೇನೆ. ಅವರು ನನ್ನ ಅಂಕಿ ನೋಡಿ ಹೊಸ ವೈರ್ ಕೂರಿಸುತ್ತಾರೆ. ವೈರ್ ಇದ್ದ ಹಾಗೇ ಕ್ಲೀನ್ ಮಾಡಿದರೆ ಹಲ್ಲುಗಳ ನಡುವಿನ ಸಂದಿಗೆ ಸರಿಯಾಗಿ ಕೈ ಹೋಗುವುದಿಲ್ಲ. ಜೊತೆಗೆ, ನನ್ನ ಅಂಕಿ ನೋಡದೆ ಬಲ ಹೆಚ್ಚಿಸುವ ಪ್ರಶ್ನೆಯೂ ಬರುವುದಿಲ್ಲ.

ಅಂಕಿ ಕೆಟ್ಟರೆ ನಿಲ್ಲಿಸಬೇಕು. ಇದನ್ನು ಯಾರು ಹೇಳುವುದು ಅಂತ ಮೊದಲೇ ತೀರ್ಮಾನ ಆಗಿರಬೇಕು. ನಮ್ಮಲ್ಲಿ ಹೇಳುವವಳು ನಾನು. ಇಬ್ಬರು ಡಾಕ್ಟರು ಜೊತೆಯಾಗಿ ನೋಡುತ್ತಿದ್ದಾರೆ ಅನ್ನುವುದರ ಸಾರವೆಲ್ಲ ನನ್ನ ಪ್ರಕಾರ ಇಲ್ಲಿದೆ. ಒಬ್ಬರು ನಿಲ್ಲಿಸಿ ಅಂದರೆ ಇನ್ನೊಬ್ಬರು ನಿಲ್ಲಿಸುತ್ತಾರಾ? ಒಬ್ಬ ರೋಗಿಗೆ ಅರ್ಧ ದಾರಿಯಲ್ಲಿ ಮೇಲಿನ ಮುಂದಿನ ಹಲ್ಲಿನ ಪಕ್ಕ ನಾಲ್ಕಿದ್ದದ್ದು ಆರಾಯಿತು, ಕೀವು ಬಂತು. ಬ್ರಾಕೆಟ್ ಕೀಳಲಿಲ್ಲ. ಬಲವಿಲ್ಲದ, ಹಲ್ಲನ್ನು ಇದ್ದಲ್ಲೇ ಹಿಡಿದಿಡುವ ವೈರ್ ಹಾಕಿದರು. ಅಷ್ಟರಲ್ಲಿ ನಾನು ಪಾಕೆಟ್ ಕ್ಲೀನ್ ಮಾಡಿ ವಸಡನ್ನು ಹತೋಟಿಗೆ ತಂದೆ. ರೋಗಿಗೆ ಬೇಸರ ಆಯಿತು. "ಮಗಳ ಮದುವೆಗೆ ಮುಗಿಯುತ್ತೆ ಅಂದ್ಕೊಂಡಿದ್ದೆ ಡಾಕ್ಟ್ರೇ" ಅಂದರು. ಮುಗಿಯಲಿಲ್ಲ. ಆದರೆ ಹಲ್ಲು ಉಳಿಯಿತು, ಆಮೇಲೆ ನಿಧಾನವಾಗಿ ಜಾಗಕ್ಕೂ ಬಂತು.

ವಸಡು ಊದಿ ಬ್ರಾಕೆಟ್ ಮೇಲೆ ಬೆಳೆಯುವುದು ಬೇರೆ ವಿಷಯ. ಅದು ಬಹುತೇಕ ಕೊಳೆಯಿಂದ, ಕ್ಲಿಪ್ ತೆಗೆದ ಮೇಲೆ ಸಾಕಷ್ಟು ಇಳಿಯುತ್ತದೆ. ಬ್ರಷ್ ಮಾಡುವುದಕ್ಕೇ ಅಡ್ಡ ಬಂದರೆ ಮಾತ್ರ ಕತ್ತರಿಸುತ್ತೇನೆ. ಬಿಪಿಗೆ ಆಮ್ಲೋಡಿಪಿನ್, ಫಿಟ್ಸ್‌ಗೆ ಫೆನಿಟಾಯಿನ್ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಈ ಬೆಳವಣಿಗೆ ಜಾಸ್ತಿ. ಆಗ ಅವರ ಫಿಸಿಶಿಯನ್‌ಗೆ ಒಂದು ಪತ್ರ ಹೋಗುತ್ತದೆ, ಮಾತ್ರೆ ಬದಲಿಸಬಹುದಾ ಅಂತ. ನೀವೇ ನಿಲ್ಲಿಸಬೇಡಿ ದಯವಿಟ್ಟು. ಸಕ್ಕರೆ ಕಾಯಿಲೆ ಇರುವವರ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 7ರ ಆಸುಪಾಸಿಗೆ ಬರುವವರೆಗೆ ನಾನು ವೈರ್ ಮಾತು ಎತ್ತುವುದಿಲ್ಲ. ಮೂಳೆ ಸವೆತಕ್ಕೆ ಔಷಧಿ ತೆಗೆದುಕೊಳ್ಳುವವರು ಅದನ್ನು ಮೊದಲ ದಿನವೇ ಹೇಳಬೇಕು. ಕೆಲವು ಔಷಧಿಗಳಿಂದ ಹಲ್ಲು ಸರಿಯುವುದೇ ನಿಧಾನ ಆಗುತ್ತದೆ. ಇಂಪ್ಲಾಂಟ್ ಹಾಕಿಸುವ ಯೋಚನೆ ಇದ್ದರೆ ಅದನ್ನೂ ಹೇಳಿ. ಇಂಪ್ಲಾಂಟ್ ಮೂಳೆಗೇ ಬೆಸೆದುಕೊಳ್ಳುತ್ತದೆ, ಒಮ್ಮೆ ಕೂತರೆ ಯಾವ ವೈರಿಗೂ ಬಗ್ಗುವುದಿಲ್ಲ. ತಪ್ಪು ಜಾಗದಲ್ಲಿ ಕೂತರೆ ಎಲ್ಲರಿಗೂ ತಲೆನೋವು.

ಮನೆಯಲ್ಲಿ ಮಾಡುವುದು ಬಹಳ ಏನಿಲ್ಲ, ಆದರೆ ದಿನಾ ಮಾಡಬೇಕು. ಬ್ರಾಕೆಟ್‌ಗೂ ವಸಡಿಗೂ ನಡುವಿನ ಪಟ್ಟಿಯನ್ನು ಮೆತ್ತನೆ ಬ್ರಷ್ ಓರೆ ಹಿಡಿದು ಉಜ್ಜಿ. ಸಂದಿಗೆ ಸರಿಹೊಂದುವ ಅಳತೆಯ ಸಂದಿ ಬ್ರಷ್ ಯಾವುದು ಅಂತ ನಾನೇ ಹಾಕಿ ನೋಡಿ ಹೇಳುತ್ತೇನೆ. ಹಲ್ಲು ಸರಿದಂತೆ ಸಂದಿಯೂ ಬದಲಾಗುವುದರಿಂದ ಬ್ರಷ್ ಅಳತೆಯೂ ಆಗಾಗ ಬದಲಾಗುತ್ತದೆ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ತಿಂಗಳುಗಟ್ಟಲೆ ಬಳಸಬೇಡಿ, ಹಲ್ಲು ಕಂದು ಆಗುತ್ತದೆ.

ಮೊದಲೇ ಹೇಳದಿದ್ದರೆ ಕೊನೆಗೆ ಜಗಳಕ್ಕೆ ಬರುವ ವಿಷಯ ಒಂದಿದೆ. ಹಲ್ಲು ಸಾಲಾಗಿ ನಿಂತ ಮೇಲೆ ಎರಡು ಹಲ್ಲಿನ ನಡುವೆ ವಸಡಿನ ಹತ್ತಿರ ಕಪ್ಪು ತ್ರಿಕೋನ ಕಾಣಿಸಿಕೊಳ್ಳುತ್ತದೆ. ಒತ್ತೊತ್ತಾಗಿದ್ದಾಗ ಅದು ಮುಚ್ಚಿಹೋಗಿರುತ್ತದೆ. ಡೆನ್ನಿಸ್ ಟಾರ್ನೋ ಮತ್ತು ಸಂಗಡಿಗರು 1992ರಲ್ಲಿ ಇದನ್ನು ಅಳೆದು ನೋಡಿದರು. ಎರಡು ಹಲ್ಲು ತಾಗುವ ಜಾಗದಿಂದ ಮೂಳೆಗೆ 5 ಮಿಲಿಮೀಟರ್ ಅಥವಾ ಕಮ್ಮಿ ಇದ್ದರೆ ವಸಡು ಹೆಚ್ಚುಕಮ್ಮಿ ಯಾವಾಗಲೂ ಸಂದಿ ತುಂಬಿರುತ್ತಿತ್ತು. 6 ಇದ್ದರೆ ಶೇಕಡಾ 56 ಕಡೆ, 7 ಇದ್ದರೆ ಶೇಕಡಾ 27 ಕಡೆ ಮಾತ್ರ. ಮೂಳೆ ಇಳಿದವರಲ್ಲಿ ಈ ದೂರ ಜಾಸ್ತಿಯೇ. ಆರ್ಥೊಡಾಂಟಿಸ್ಟ್ ಹಲ್ಲಿನ ಪಕ್ಕವನ್ನು ಮಿಲಿಮೀಟರಿನ ಒಂದು ಚೂರಷ್ಟು ತೀಡಿ ಹತ್ತಿರ ತಂದರೆ ತಾಗುವ ಜಾಗ ವಸಡಿನತ್ತ ಸರಿದು ತ್ರಿಕೋನ ಚಿಕ್ಕದಾಗುತ್ತದೆ. ಪೂರ್ತಿ ಹೋಗುತ್ತದೆ ಅಂತ ನಾವಿಬ್ಬರೂ ಮಾತು ಕೊಡುವುದಿಲ್ಲ. ಮೊದಲ ದಿನವೇ ಕನ್ನಡಿ ಕೊಟ್ಟು ಎಲ್ಲಿ ಬರಬಹುದು ಅಂತ ತೋರಿಸುತ್ತೇವೆ.

ಕ್ಲಿಪ್ ಬಿಚ್ಚಿದ ದಿನ ಆರ್ಥೊಡಾಂಟಿಸ್ಟ್ ಕೆಲಸ ಮುಗಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮೂಳೆ ಕಮ್ಮಿ ಇರುವ ಹಲ್ಲು ಬಿಟ್ಟರೆ ಮತ್ತೆ ಹೊರಡುತ್ತದೆ. ಹಾಗಾಗಿ ಹಿಂಬದಿಗೆ ಅಂಟಿಸಿದ ರಿಟೇನರ್ ವೈರ್ ಬಹುಪಾಲು ಜೀವಮಾನಕ್ಕೆ. ಆದರೆ ಜನ ಅವರ ಹತ್ತಿರ ಹೋಗುವುದು ನಿಲ್ಲಿಸುತ್ತಾರೆ, ನನ್ನ ಹತ್ತಿರ ಕ್ಲೀನಿಂಗ್‌ಗೆ ಬರುತ್ತಲೇ ಇರುತ್ತಾರೆ. ಅದಕ್ಕೆ ಆ ವೈರನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಂಟು ಬಿಟ್ಟಿದೆಯಾ, ಅಡಿಯಲ್ಲಿ ಗಾರೆ ಕಟ್ಟಿದೆಯಾ ನೋಡುತ್ತೇನೆ. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಕೆಲವು ಸಲ ಅಂಟು ಗಟ್ಟಿಯಾಗಿರುತ್ತದೆ, ವೈರ್ ಮಾತ್ರ ಸೊಟ್ಟಗಾಗಿ ತಾನೇ ಹಲ್ಲನ್ನು ತಿರುಚಲು ಶುರು ಮಾಡುತ್ತದೆ. ಆಗ ಒಂದು ಹಲ್ಲಿನ ಬೇರು ಮೆಲ್ಲಗೆ ಮುಂದಕ್ಕೆ ಬರುತ್ತದೆ, ಅಲ್ಲಿ ಮಾತ್ರ ವಸಡು ಜಾರುತ್ತದೆ. ಪಕ್ಕದ ಹಲ್ಲಿನ ವಸಡು ಸರಿಯಿದ್ದು ಒಂದರದ್ದು ಮಾತ್ರ ಇಳಿದಿದ್ದು ಕಂಡರೆ ನಾನು ಗ್ರಾಫ್ಟ್ ಮಾತು ಎತ್ತುವ ಮೊದಲು ಫೋಟೋ ತೆಗೆದು ನಮ್ಮವರಿಗೆ ಕಳಿಸುತ್ತೇನೆ. ಅವರು ವೈರ್ ಬಿಚ್ಚಿ, ಬೇರನ್ನು ಒಳಕ್ಕೆ ತಂದು, ಹೊಸದು ಅಂಟಿಸಿದ ಮೇಲೆ ನನ್ನ ಸರದಿ.